ಅಮೆರಿಕದ ಕ್ಯಾಪಿಟಲ್ ಪ್ರವಾಸ: ಗ್ಯಾಲರಿ ಪಾಸ್ ಪಡೆಯದೆ ಮರಳಬೇಡಿ

ವಾಷಿಂಗ್ಟನ್ ಡಿ.ಸಿ.ಯಲ್ಲಿರುವ ಅಮೆರಿಕದ ಸಂಸತ್ ಭವನ ಕ್ಯಾಪಿಟಲ್. ಅಲ್ಲಿ ಸಾರ್ವಜನಿಕರಿಗಾಗಿ ನಡೆಯುವ ಪ್ರವಾಸ ಸಂಪೂರ್ಣ ಉಚಿತವಾಗಿದ್ದು, 2008ರಲ್ಲಿ ತೆರೆದ ನೆಲದಡಿಯ ಸಂದರ್ಶಕರ ಕೇಂದ್ರದಿಂದ ಆರಂಭವಾಗುತ್ತದೆ. ವ್ಯವಸ್ಥೆ ಅಚ್ಚುಕಟ್ಟಾಗಿದೆ. ಸಮಯವನ್ನು ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಬಹುದು. ಹೆಡ್‌ಫೋನ್ ಕೊಡುವುದರಿಂದ ಗುಂಪಿನ ಹಿಂದೆ ಉಳಿದವರಿಗೂ ಗೈಡ್ ಮಾತು ಸ್ಪಷ್ಟವಾಗಿ ಕೇಳುತ್ತದೆ. ಆದರೆ ಅಲ್ಲಿನ ರಾಜಕೀಯ ಹೇಗೆ ನಡೆಯುತ್ತದೆಂದು ತಿಳಿಯಬಯಸುವವರಿಗೆ ಇದೊಂದೇ ಸಾಲದು, ಏಕೆಂದರೆ ಈ ಪ್ರವಾಸ ಪ್ರತಿನಿಧಿ ಸಭೆ (ಕೆಳಮನೆ), ಸೆನೆಟ್ (ಮೇಲ್ಮನೆ) ಎಂಬ ಎರಡೂ ಸದನಗಳ ಸಭಾಂಗಣಗಳನ್ನು ತೋರಿಸುವುದಿಲ್ಲ, ಅದರ ಒಲವು ಕಟ್ಟಡ, ವರ್ಣಚಿತ್ರ, ಪ್ರತಿಮೆಗಳ ಕಡೆಗೇ ಹೆಚ್ಚು.

ಗುಮ್ಮಟದಡಿಯ ದುಂಡನೆಯ ಹಜಾರ ರೊಟಂಡಾವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸಿದ್ದು ಪಕ್ಕದ ಸ್ಟ್ಯಾಚ್ಯುಯರಿ ಹಾಲ್. 1857ರವರೆಗೆ ಪ್ರತಿನಿಧಿ ಸಭೆ ಕಲಾಪ ನಡೆಸುತ್ತಿದ್ದುದು ಇಲ್ಲೇ. 1824ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್ ಎಲ್ಲರಿಗಿಂತ ಹೆಚ್ಚು ಎಲೆಕ್ಟರ್ ಮತ (ಅಧ್ಯಕ್ಷರ ಆಯ್ಕೆಗೆ ಪ್ರತಿ ರಾಜ್ಯಕ್ಕೂ ನಿಗದಿಯಾದ ಮತ) ಗಳಿಸಿದರೂ ಬಹುಮತ ಮುಟ್ಟಲಿಲ್ಲವಾದ್ದರಿಂದ ಆಯ್ಕೆಯ ಹೊಣೆ ಈ ಸಭೆಗೆ ಬಂತು. 1825ರ ಫೆಬ್ರವರಿಯಲ್ಲಿ ರಾಜ್ಯಕ್ಕೊಂದು ಮತದಂತೆ ಎಣಿಸಿ, ಎರಡನೆಯ ಸ್ಥಾನದಲ್ಲಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ಒಟ್ಟು 538 ಎಲೆಕ್ಟರ್ ಮತಗಳಲ್ಲಿ 270 ಯಾರಿಗೂ ದಕ್ಕದಿದ್ದರೆ ಇಂದಿಗೂ ಅದೇ ದಾರಿ. ಅಧಿಕಾರಾವಧಿ ಮುಗಿದ ಮೇಲೆ ಆಡಮ್ಸ್ ಸಾಮಾನ್ಯ ಸದಸ್ಯರಾಗಿ ಇದೇ ಸಭೆಗೆ ಮರಳಿದರು. ಅವರ ಮೇಜಿದ್ದ ಜಾಗದಲ್ಲಿ ನೆಲಕ್ಕೆ ಕೂರಿಸಿದ ಪುಟ್ಟ ಲೋಹದ ಫಲಕವನ್ನು ತುಳಿದುಕೊಂಡೇ ಎಷ್ಟೋ ಜನ ಮುಂದೆ ಸಾಗುತ್ತಾರೆ.

ಸಭಾಂಗಣ ನೋಡಲು ಪ್ರತ್ಯೇಕ ಗ್ಯಾಲರಿ ಪಾಸ್ ಬೇಕು. ಅಲ್ಲಿ ನೆಲೆಸಿದವರು ತಮ್ಮ ಕ್ಷೇತ್ರದ ಪ್ರತಿನಿಧಿಯ ಅಥವಾ ಸೆನೆಟರ್‌ರ ಕಚೇರಿಯಲ್ಲಿ ಕೇಳಬಹುದು. ಭಾರತದಿಂದ ಮಕ್ಕಳ ಮನೆಗೆ ಬಂದ ಹಿರಿಯರು ಪಾಸ್‌ಪೋರ್ಟ್ ಸಮೇತ ಸಂದರ್ಶಕರ ಕೇಂದ್ರದಲ್ಲೇ ವಿಚಾರಿಸಬೇಕು. ಗ್ಯಾಲರಿಗೆ ಫೋನ್ ಒಯ್ಯುವಂತಿಲ್ಲ.

435 ಸದಸ್ಯರ ಪ್ರತಿನಿಧಿ ಸಭೆಯಲ್ಲಿ ಮತದಾನ ನಡೆಯುವಾಗ ಹೋದವರೇ ಪುಣ್ಯವಂತರು. ಸದಸ್ಯರು ಆಸನಗಳ ಹಿಂಬದಿಯ ಪೆಟ್ಟಿಗೆಗೆ ಕಾರ್ಡ್ ತೂರಿಸಿ ಗುಂಡಿ ಒತ್ತಿದೊಡನೆ ಸ್ಪೀಕರ್ ಪೀಠದ ಮೇಲ್ಗಡೆಯ ಗೋಡೆಯಲ್ಲಿ ಹೆಸರಿನ ಮುಂದೆ ಹಸಿರು ಅಥವಾ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಪಕ್ಷದ ವಿಪ್ ಮೀರಿದರೆ ಸದಸ್ಯತ್ವವೇ ಹೋಗುವಂಥ ಕಾನೂನು ಅಲ್ಲಿಲ್ಲ. ರೆಸಾರ್ಟ್ ರಾಜಕಾರಣ ಕಂಡ ನಮಗೆ ಇದು ಸೋಜಿಗವೇ. ಟಿಕೆಟ್ ವಿಚಾರವೂ ಹಾಗೆಯೇ: ಹೈಕಮಾಂಡ್ ಬಿ ಫಾರಂ ಕೊಡುವ ಪದ್ಧತಿಯಿಲ್ಲ, ಪ್ರೈಮರಿ ಚುನಾವಣೆಯಲ್ಲಿ ಮತದಾರರೇ ಅಭ್ಯರ್ಥಿಯನ್ನು ಆರಿಸುತ್ತಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್, 2022ರಲ್ಲಿ ಮಿಷಿಗನ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಲವು ಪ್ರತಿಸ್ಪರ್ಧಿಗಳನ್ನು ಸೋಲಿಸಿಯೇ ಈ ಸದನ ಪ್ರವೇಶಿಸಿದರು.

ಸೆನೆಟ್ ಗ್ಯಾಲರಿ ಕೆಲವರಿಗೆ ನಿರಾಸೆ ತರಬಹುದು. ನೂರು ಮೇಜುಗಳ ನಡುವೆ ಒಬ್ಬರೇ ಸೆನೆಟರ್ ಭಾಷಣ ಮಾಡುತ್ತಿರುವುದು, ಅದೂ ಇಲ್ಲದಾಗ ಗುಮಾಸ್ತರು ಕೋರಂ (ಕಲಾಪಕ್ಕೆ ಬೇಕಾದ ಕನಿಷ್ಠ ಸಂಖ್ಯೆ) ಹಾಜರಿಗಾಗಿ ಹೆಸರುಗಳನ್ನು ಎಳೆದೆಳೆದು ಕೂಗುವುದು ಸಾಮಾನ್ಯ ನೋಟ. ಅದು ಸೋಮಾರಿತನವಲ್ಲ, ಬಹುಪಾಲು ಮಸೂದೆಗಳ ಚರ್ಚೆಗೆ ತೆರೆ ಎಳೆಯಲು 60 ಮತ, ಅಂದರೆ ಸಾಮಾನ್ಯವಾಗಿ ಎರಡೂ ಪಕ್ಷಗಳ ಬೆಂಬಲ, ಬೇಕಾದ್ದರಿಂದ, ಎರಡು ಪಕ್ಷಗಳ ನಾಯಕರು ಒಳಗೆಲ್ಲೋ ಮಾತುಕತೆಯಲ್ಲಿರುವಾಗ ಹೊತ್ತು ಕಳೆಯುವ ಉಪಾಯವದು. ಇಷ್ಟು ತಿಳಿದು ಕುಳಿತರೆ ಬೇಸರವಾಗುವುದಿಲ್ಲ.

ಆಗಸ್ಟ್ ತಿಂಗಳನ್ನು ತಪ್ಪಿಸಿ, ಆಗ ಎರಡೂ ಸದನಗಳಿಗೆ ಸಾಮಾನ್ಯವಾಗಿ ಬಿಡುವು. ಭಾನುವಾರ ಪ್ರವಾಸವಿರುವುದಿಲ್ಲ. ತಿಂಡಿಯ ಪೊಟ್ಟಣಗಳನ್ನು ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿಯನ್ನು ಖಾಲಿ ಮಾಡಿಯೇ ಒಯ್ಯಬೇಕು.