‘ಅಳತೆ ಆಮೇಲೆ ಸರಿಮಾಡಿಕೊಡುತ್ತೇವೆ’ ಎಂದರೆ ನಂಬಬೇಡಿ

ತಮ್ಮನ ನಿಶ್ಚಿತಾರ್ಥಕ್ಕೆ ಕೊಂಡ ಉಂಗುರ ಹುಡುಗಿಯ ಬೆರಳಿನ ಗೆಣ್ಣು ದಾಟಲಿಲ್ಲ. ಎರಡೂ ಮನೆಯವರ ಎದುರು ಅವನು ಒತ್ತುತ್ತಿದ್ದಾನೆ, ಅವಳು ನೋವು ನುಂಗಿಕೊಂಡು ನಗುತ್ತಿದ್ದಾಳೆ. “ಹುಡುಗಿಯ ಬೆರಳಿನ ಅಳತೆಯನ್ನೂ ಕೇಳಲಿಲ್ಲವೇ?” ಎಂದು ಬೀಗರ ಕಡೆಯ ಅಜ್ಜಿ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟರು. ಕೇಳಿದ್ದೆವು! ಹುಡುಗಿಯನ್ನೇ ಮಳಿಗೆಗೆ ಕರೆದುಕೊಂಡು ಹೋಗಿದ್ದೆವು!

ಅಲ್ಲಿನ ಹುಡುಗ ಅಳತೆಯ ಉಂಗುರಗಳ ಗೊಂಚಲು ತಂದು, ತೊಡಿಸಿ ನೋಡಿ, 14 ಎಂದು ಬರೆದುಕೊಂಡ. ಅಂದರೆ ಒಳಸುತ್ತು ಸುಮಾರು 54 ಮಿ.ಮೀ. ಆ ಗೊಂಚಲಿನವು ತಂತಿಯಷ್ಟು ಸಣ್ಣ ಉಂಗುರಗಳು. ನಾವು ಆರಿಸಿದ್ದು ಸುತ್ತಲೂ ವಜ್ರ ಕೂರಿಸಿದ, ಅಗಲ ಪಟ್ಟಿಯ, 18 ಕ್ಯಾರೆಟ್‌ನ ಉಂಗುರ. “ಬಿಗಿಯಾದರೆ?” ಎಂದು ನಾನೇ ಕೇಳಿದೆ. “ಚಿಂತೆಯೇ ಬೇಡ ಮೇಡಂ, ಉಚಿತವಾಗಿ ಸರಿಮಾಡಿಕೊಡುತ್ತೇವೆ.”

ಮರುದಿನ ತೆಗೆದುಕೊಂಡು ಹೋದರೆ ವ್ಯವಸ್ಥಾಪಕರು ಉಂಗುರವನ್ನು ತಿರುಗಿಸಿ ನೋಡಿ ಹೇಳಿದ್ದು ಇದು: “ಅಗಲ ಪಟ್ಟಿಗೆ ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಬೇಕಲ್ಲವೇ ಮೇಡಂ?”

ನನ್ನ ಮೈ ಉರಿದುಹೋಯಿತು. ಇವರಿಗೆ ಗೊತ್ತಿತ್ತು. ಹಣ ಎಣಿಸಿಕೊಳ್ಳುವಾಗಲೂ ಗೊತ್ತಿತ್ತು! ಆಗ ಒಂದು ಮಾತು ಹೇಳಿದ್ದರೆ ಆ ಹುಡುಗಿ ಅಷ್ಟು ಜನರ ಮುಂದೆ ಕಣ್ಣೀರು ತಡೆದುಕೊಂಡು ನಿಲ್ಲಬೇಕಿರಲಿಲ್ಲ.

ಸರಿ, ದೊಡ್ಡದು ಮಾಡಿಕೊಡಿ ಎಂದೆ. ಆಗುವುದಿಲ್ಲವಂತೆ. ಸುತ್ತಲೂ ಕಲ್ಲಿದೆ, ಕತ್ತರಿಸಿ ಚಿನ್ನ ಸೇರಿಸಲು ಜಾಗವಿಲ್ಲ, ಹಿಗ್ಗಿಸಿದರೆ ಕಲ್ಲು ಸಡಿಲವಾಗುತ್ತವೆ. ಉಚಿತ ಎಂದಿರಲ್ಲ? “ಅದು ಸಾದಾ ಉಂಗುರಕ್ಕೆ ಮೇಡಂ.” ಬದಲಿಸಿಕೊಡಿ ಎಂದರೆ ಮಜೂರಿ ಹೋಯಿತು, ಜಿಎಸ್‌ಟಿ ಹೋಯಿತು, ವಜ್ರದ ಬೆಲೆಯಲ್ಲೂ ಕಡಿತ. ಅಳತೆ ತೆಗೆದವರು ಅವರು, ನಷ್ಟ ಮಾತ್ರ ನಮಗೆ.

ಅಗಲದ ಉಂಗುರ ಕೊಳ್ಳುವವರು ಅಷ್ಟೇ ಅಗಲದ ಇನ್ನೊಂದನ್ನು ಗೆಣ್ಣು ದಾಟಿಸಿ, ಹೊರಗೆ ತೆಗೆದು ನೋಡಿ. ಎಸಿಯ ತಂಪಿನಲ್ಲಿ ಬೆರಳು ಸಣ್ಣಗಾಗಿರುತ್ತದೆ, ಮಂಟಪದ ಸೆಕೆಯಲ್ಲಿ ಊದುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಈ ಉಂಗುರದ ಅಳತೆ ಬದಲಿಸಲು ಆಗುತ್ತದೆಯೋ ಇಲ್ಲವೋ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಮಳಿಗೆಯವರೇ ಫೋನ್ ಮಾಡಿ ಕೊಟ್ಟ ಪರಿಹಾರ: “ಸದ್ಯಕ್ಕೆ ಕಿರುಬೆರಳಿಗೆ ಹಾಕಿಕೊಳ್ಳಲಿ ಮೇಡಂ.” ನಿಶ್ಚಿತಾರ್ಥದ ಉಂಗುರವನ್ನು! ದೂರನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.