ಹಾಟ್ ವಾಟರ್ ಬ್ಯಾಗ್ ಒಡೆಯಿತು, ದುಡ್ಡು ವಾಪಸ್ ಬಂತು, ಗಾಯದ ಬಗ್ಗೆ ಯಾರೂ ಕೇಳಲಿಲ್ಲ

ಐದಕ್ಕೆ ಒಂದು ಸ್ಟಾರ್. ಆ ಒಂದೂ ದುಡ್ಡು ಬೇಗ ವಾಪಸ್ ಕೊಟ್ಟಿದ್ದಕ್ಕೆ.

ಅಮ್ಮನ ಸೊಂಟನೋವಿಗೆಂದು 2024ರಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ರಬ್ಬರ್ ಬ್ಯಾಗ್ ಇದು. ಮೂರು ವಾರ ಚೆನ್ನಾಗಿಯೇ ಇತ್ತು. ಬಿಸಿ ತುಂಬ ಹೊತ್ತು ನಿಲ್ಲುತ್ತಿತ್ತು, ಬಿರಟೆ ಸೋರುತ್ತಿರಲಿಲ್ಲ. ನಾಲ್ಕನೇ ವಾರ ಒಂದು ರಾತ್ರಿ ಪಕ್ಕದ ಅಂಚು ಉದ್ದಕ್ಕೂ ಬಿರಿದು ನೀರೆಲ್ಲ ಅಮ್ಮನ ತೊಡೆಯ ಮೇಲೆ ಸುರಿಯಿತು. ಅಂಗೈಯಗಲ ಬೊಬ್ಬೆ. ಹನ್ನೊಂದು ದಿನ ಡ್ರೆಸಿಂಗ್.

ಕಸ್ಟಮರ್ ಕೇರ್ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಆರ್ಡರ್ ನಂಬರ್ ಕೇಳಿದಳು. "ರೀಫಂಡ್ ಬೇಕಾ, ಬೇರೆ ಪೀಸ್ ಬೇಕಾ ಮೇಡಂ?" ಅಂದಳು. ಅಮ್ಮ ಹೇಗಿದ್ದಾರೆ, ಡಾಕ್ಟರ್ ಹತ್ತಿರ ಹೋದಿರಾ, ಬ್ಯಾಗ್ ಎಲ್ಲಿ ಒಡೆಯಿತು, ಒಂದನ್ನೂ ಕೇಳಲಿಲ್ಲ. "ಈ ಗಾಯದ ವಿಷಯ ಸರ್ಕಾರಕ್ಕೆ ತಿಳಿಸ್ತೀರಾ?" ಅಂದೆ. "ನೋಟ್ ಮಾಡ್ಕೊಂಡಿದೀನಿ ಮೇಡಂ." ಮರುದಿನ ಇಮೇಲ್ ಬಂತು: ಕುದಿಯುವ ನೀರು ಹಾಕಿದ್ದರೆ ನಾವು ಹೊಣೆಯಲ್ಲ.

ನಾನು ಕುದಿಯುವ ನೀರು ಹಾಕಿರಲಿಲ್ಲ. ಹಾಕಿದ್ದರೂ ಇದು ಉತ್ತರವಾಗುವುದಿಲ್ಲ. ಆಸ್ಟ್ರೇಲಿಯಾದ ಕಾನೂನು ನೋಡಿ: ಜನ ಹೀಗೆ ತಪ್ಪಾಗಿ ಬಳಸಿಯಾರು ಎಂದು ಮೊದಲೇ ಊಹಿಸಬಹುದಾದ ಬಳಕೆಯಿಂದ ಗಾಯವಾದರೂ, ಅದು ಡಾಕ್ಟರೋ ನರ್ಸೋ ಚಿಕಿತ್ಸೆ ಕೊಡಬೇಕಾದಷ್ಟು ದೊಡ್ಡದಿದ್ದರೆ, ವಿಷಯ ಗೊತ್ತಾದ 2 ದಿನದೊಳಗೆ ಸರ್ಕಾರಕ್ಕೆ ತಿಳಿಸಲೇಬೇಕು. ತಯಾರಿಸಿದವರಿಗೆ ಇರುವಂತೆಯೇ ಮಾರಿದವರಿಗೂ ಈ ಹೊಣೆ ಇದೆ. ತಿಳಿಸಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತಲ್ಲ ಎಂದೂ ಅದರಲ್ಲೇ ಬರೆದಿದೆ. ಮತ್ತೆ ಹೆದರಿಕೆ ಯಾತಕ್ಕೆ? ಕೆನಡಾದಲ್ಲೂ 2 ದಿನ, ಅಮೆರಿಕದಲ್ಲಿ 24 ಗಂಟೆ.

ಒಡೆದ ಬ್ಯಾಗ್ ಕಳಿಸಿ ಅಂದರು. ಕಳಿಸಲಿಲ್ಲ. ಅದರ ಮೇಲೆ ಸಣ್ಣ ಹೂವಿನ ಅಚ್ಚೊಂದಿದೆ, ಕೊಳ್ಳುವಾಗ ಅಲಂಕಾರ ಅಂದುಕೊಂಡಿದ್ದೆ. 12 ಎಸಳು ಅಂದರೆ 12 ತಿಂಗಳು. ಚುಕ್ಕಿಗಳು ಯಾವ ಎಸಳಿನವರೆಗೆ ತುಂಬಿವೆಯೋ ಅದು ತಯಾರಾದ ತಿಂಗಳು, ನಡುವಿನ ಅಂಕಿ ವರ್ಷ. ನಮ್ಮದರಲ್ಲಿ 19 ಇತ್ತು. ಎರಡು ವರ್ಷಕ್ಕೊಮ್ಮೆ ಬ್ಯಾಗ್ ಬದಲಿಸಿ ಎನ್ನುತ್ತಾರೆ, ರಬ್ಬರ್ ಹಳೆಯದಾದಂತೆ ಬಿರುಕು ಬಿಡುತ್ತದೆ. ನನಗೆ ಹೊಸದೆಂದು ಕೊಟ್ಟಿದ್ದು ಐದು ವರ್ಷ ಗೋದಾಮಿನಲ್ಲಿ ಕೂತ ಮಾಲು. ಅವರು ಕೇಳಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ.

ಹೂವಿನ ಫೋಟೊ, ಡಾಕ್ಟರ್ ಚೀಟಿ ಎಲ್ಲ ಸೇರಿಸಿ ಗ್ರಾಹಕರ ಸುರಕ್ಷತೆ ನೋಡಿಕೊಳ್ಳುವ ಇಲಾಖೆಗೆ ನಾನೇ ಬರೆದಿದ್ದೇನೆ. ಬ್ಯಾಗ್ ಈಗಲೂ ಮಾರಾಟದಲ್ಲಿದೆ. ನಿಮ್ಮ ಮನೆಯಲ್ಲಿದ್ದರೆ ಹೂವಿನ ನಡುವೆ ಯಾವ ಅಂಕಿ ಇದೆ ನೋಡಿ, ಹಳೆಯದಾಗಿದ್ದರೆ ಇವತ್ತು ರಾತ್ರಿ ಅದಕ್ಕೆ ನೀರು ತುಂಬಬೇಡಿ.