ಚಿನ್ನವೋ, ಬೆಳ್ಳಿಯೋ, ಕ್ವಾಂಟಮ್ ಡಾಟೋ?

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುತ್ತಿರುವ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಜೀವಂತ ಕೋಶದ ಇಮೇಜಿಂಗ್‌ಗೆ ಯಾವ ಹೊಳೆಯುವ ನ್ಯಾನೊಕಣ ತಗೊಳ್ಳಲಿ: ಚಿನ್ನವೋ, ಬೆಳ್ಳಿಯೋ, ಕ್ವಾಂಟಮ್ ಡಾಟೋ?"

ಬರೀ ಹೊಳಪು ನೋಡಿದರೆ ಕ್ಯಾಡ್ಮಿಯಂ ಸೆಲೆನೈಡ್ ಕ್ವಾಂಟಮ್ ಡಾಟ್‌ಗೆ (ಕೆಲವೇ ನ್ಯಾನೊಮೀಟರ್ ಗಾತ್ರದ ಅರೆವಾಹಕ ಹರಳಿಗೆ) ಸಾಟಿಯಿಲ್ಲ. 2023ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದೂ ಕ್ವಾಂಟಮ್ ಡಾಟ್‌ಗಳಿಗೇ. ಆದರೆ ಮೇಲಿನ ಕವಚ ಹಾಳಾದರೆ ಕ್ಯಾಡ್ಮಿಯಂ ಸೋರುತ್ತದೆ, ಕೋಶ ಸಾಯುತ್ತದೆ. ಬದುಕಿರುವುದನ್ನು ನೋಡಲು ಹೊರಟವರಿಗೆ ಇದು ಸಣ್ಣ ಮಾತಲ್ಲ.

ನನ್ನ ಓಟು ಕೆಲವೇ ಪರಮಾಣುಗಳ ಗೊಂಚಲಾದ ಚಿನ್ನದ ನ್ಯಾನೊಕ್ಲಸ್ಟರ್‌ಗೆ. ಮಾಡುವುದೂ ಸುಲಭ: ಹಸುವಿನ ರಕ್ತದ ಪ್ರೋಟೀನಾದ ಸೀರಮ್ ಅಲ್ಬುಮಿನ್‌ಗೆ ಚಿನ್ನವಿರುವ ಕ್ಲೋರೊಆರಿಕ್ ಆಮ್ಲ ಬೆರೆಸಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಆಯಿತು. ಈ ವಿಧಾನ ಪ್ರಕಟವಾದದ್ದು 2009ರಲ್ಲಿ. ಬೆಳಿಗ್ಗೆ ಟ್ಯೂಬ್‌ಲೈಟಿನಡಿ ಸೀಸೆಯಲ್ಲಿ ಕಾಣುವುದು ಬರೀ ಡಿಕಾಕ್ಷನ್ ಬಣ್ಣ. 365 ನ್ಯಾನೊಮೀಟರ್ ಯುವಿ ದೀಪ ಹಿಡಿದರೆ ಒಲೆಯ ಕೆಂಡದಂತೆ ಕೆಂಪಗೆ ಉರಿಯುತ್ತದೆ! ಕೋಶದ ಸ್ವಂತ ಹೊಳಪು ಹೆಚ್ಚಾಗಿ ನೀಲಿ-ಹಸಿರಿನತ್ತ ಇರುವುದರಿಂದ ಈ ಕೆಂಪು ಬೇರೆಯಾಗಿ ಎದ್ದು ಕಾಣುತ್ತದೆ. ಹೊರಸೂಸುವ ಬೆಳಕು ಮಾತ್ರ ಕಡಿಮೆ. ಕ್ವಾಂಟಮ್ ಇಳುವರಿ (ಹೀರಿದ ಬೆಳಕಿನ ಕಣಗಳಲ್ಲಿ ಮರಳಿ ಹೊರಬರುವ ಪಾಲು) ಸುಮಾರು 6 ಶೇಕಡಾ. ಒಳ್ಳೆಯ ಕ್ಯಾಮೆರಾ ಬೇಕೇ ಬೇಕು. ಕಣ ಸುಮಾರು 2 ನ್ಯಾನೊಮೀಟರ್‌ಗಿಂತ ದಪ್ಪವಾದರೆ ಆ ಹೊಳಪೂ ಕುಸಿಯುತ್ತದೆ.

ಬೆಳ್ಳಿ? ಡಿಎನ್ಎ ಎಳೆಯ ಮೇಲೆ ಕಟ್ಟಿದರೆ ಚಿನ್ನಕ್ಕಿಂತ ಚೆನ್ನಾಗಿ ಬೆಳಗುತ್ತದೆ, ಆದರೆ ಬೇಗ ಆಕ್ಸಿಡೀಕರಣವಾಗುತ್ತದೆ, ಬೆಳ್ಳಿ ಅಯಾನು ಕೋಶಕ್ಕೂ ಒಗ್ಗದು. ಒಂದೆರಡು ಗಂಟೆಯ ಪ್ರಯೋಗಕ್ಕಾದರೆ ನೋಡು.

ಯಾವುದನ್ನೇ ಆರಿಸಿದರೂ ಮೈಕ್ರೋಸ್ಕೋಪಿನಡಿ ಇಡುವ ಮೊದಲು ಫೀನಾಲ್ ರೆಡ್ ಇರುವ ಮೀಡಿಯಂ (ಕೋಶ ಬೆಳೆಸುವ ದ್ರವ) ತೆಗೆದು ಕೋಶಗಳನ್ನು ಬಫರ್‌ನಲ್ಲಿ ತೊಳಿ. ಆ ಬಣ್ಣವೂ ಹೊಳೆಯುತ್ತದೆ.